ಎರಡನೇ ಸರದಿಯ ಕೆರೆ

ಓಬಯ್ಯ ತನ್ನ ಅಣ್ಣ ಜುಂಜಣ್ಣನ ಚಟ್ಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ ಬಿಸಾಡಿದ. "ಕಟ್ಟಿ ಏನು ಮಾಡ್ತೀರಿ? ಹೊರೋರು ಯಾರು?"

ಹಟ್ಟಿಯ ಗಂಡಸರು ಬೇಲಿಯ ಪಕ್ಕ ಕುಳಿತಿದ್ದರು. ಯಾರೂ ಏಳಲಿಲ್ಲ. ಹೆಣ ಹೊತ್ತವರು ಕೆರೆಯಲ್ಲಿ ಮುಳುಗೆದ್ದೇ ಹಟ್ಟಿಯೊಳಗೆ ಬರಬೇಕು; ಕೊನೆಯವನು ಮುಳುಗುವ ತನಕ ಉಳಿದವರೂ ಹೊರಗೇ ನಿಲ್ಲಬೇಕು. ಹಟ್ಟಿಯ ಕೆರೆ ಹೂಳು ತುಂಬಿ ಒಣಗಿತ್ತು. ನೀರಿದ್ದದ್ದು ಮೇಗಳಹಳ್ಳಿ ಕೆರೆಯಲ್ಲಿ. ಆ ನೀರು ಮುಟ್ಟುವುದಿಲ್ಲವೆಂದು ಹಟ್ಟಿ ಆಣೆ ಮಾಡಿತ್ತು.

"ಬದುಕಿದ್ದಾಗ ನೀರು ಅವರಿಗೆ ಕೊಡಿಸ್ದ. ಸತ್ತ ಮ್ಯಾಲೆ ನಮ್ಮನ್ನೂ ಅಲ್ಲಿಗೇ ಅಟ್ತಾನೆ," ಎಂದ ಗೊಲ್ಲಪ್ಪ.

"ಮಳೆಗಾಲದಾಗೆ ಸಾಯಾಕೇನಾಗಿತ್ತು?" ಎಂದು ಇನ್ನೊಬ್ಬ ನಕ್ಕ.

ಚಿತ್ತಮ್ಮ ಹಗ್ಗ ಎತ್ತಿಕೊಂಡು ತಾನೇ ಬಿಗಿದಳು. "ನಗ್ರಿ. ನನ್ನ ಗಂಡನ್ನ ಈ ಹಟ್ಟಿಯೋರೇ ಹೊರಬೇಕು. ಅಲ್ಲೀತಂಕ ಹೆಣ ಇಲ್ಲೇ ಇರ್ತೈತೆ."

"ಇರ್ಲಿ ಬಿಡು ಅತ್ತಿಗೆ," ಎಂದ ಓಬಯ್ಯ.

*

1973ರ ಬೇಸಿಗೆ. ಹೊಸದುರ್ಗದಲ್ಲಿ ತಾಲ್ಲೂಕು ಬೋರ್ಡಿನ ಸಭೆ. ಬರಗಾಲದ ಕಾಮಗಾರಿಯಲ್ಲಿ ಆ ಭಾಗಕ್ಕೆ ಸಿಕ್ಕಿದ್ದು ಒಂದೇ ಕೆರೆ. ಹಟ್ಟಿಯಿಂದ ಸದಸ್ಯನಾಗಿದ್ದ ಜುಂಜಣ್ಣ ಎದ್ದು, ಮೇಗಳಹಳ್ಳಿ ಕೆರೆ ಮೊದಲು ಎಂದ.

"ನಿಮ್ಮ ಹಟ್ಟಿ ಕೆರೆ ಬ್ಯಾಡ್ವೇನ್ರಿ?" ಅಧ್ಯಕ್ಷರು ಕೇಳಿದರು.

"ಮೇಗಳಹಳ್ಳಿ ಏರಿ ಬಿರುಕು ಬಿಟ್ಟೈತೆ ಸ್ವಾಮಿ. ಅದು ಒಡೆದ್ರೆ ಕೆಳಗಿನ ಮೂರು ಕೆರೇನೂ ಕೊಚ್ಕಂಡು ಹೋಗ್ತವೆ, ನಮ್ಮದೂ ಸೇರಿ. ಹೂಳು ಕಾಯ್ತೈತೆ. ನಮ್ಮದು ಮುಂದಿನ ವರ್ಷ ಆಗ್ಲಿ."

ಸಂಜೆ ಅಂಗಳದಲ್ಲಿ ಓಬಯ್ಯ ಕೇಳಿದ: "ಹೂಳು ಕಾಯ್ತೈತೆ. ಕುರಿ ಕಾಯ್ತವೇನಣ್ಣ?"

ಮುಂದಿನ ವರ್ಷದ ಕಾಮಗಾರಿ ಬೇರೆ ಹೋಬಳಿಗೆ ಹೋಯಿತು. ಅದರ ಮುಂದಿನ ವರ್ಷವೂ. ದುರಸ್ತಿಯಾದ ಏರಿಯನ್ನು ಹಟ್ಟಿಯ ಕುರಿಗಳು ಹತ್ತದಂತೆ ಮೇಗಳಹಳ್ಳಿಯವರು ಮುಳ್ಳು ಹಾಕಿದರು. ಹಟ್ಟಿ ಆಣೆ ಮಾಡಿದ್ದು ಆಗ. ಓಬಯ್ಯ ಮಂದೆ ಮಾರಿದ. ಏರಿ ಒಡೆಯಲಿಲ್ಲ, ಅದು ಒಡೆಯುತ್ತಿತ್ತೆಂದು ನಂಬುವವರು ಹಟ್ಟಿಯಲ್ಲಿ ಯಾರೂ ಉಳಿಯಲಿಲ್ಲ.

*

ಹೊತ್ತು ನೆತ್ತಿಗೆ ಬಂದಾಗ ಮೇಗಳಹಳ್ಳಿಯ ಬೋರಣ್ಣ ಮೂವರನ್ನು ಕರೆದುಕೊಂಡು ಬಂದ. "ನೀವು ಹೊರಲ್ಲ ಅಂದ್ರಂತೆ. ನಾವು ಹೊರ್ತೀವಿ."

ಓಬಯ್ಯ ಅಡ್ಡ ನಿಂತ. "ಮುಟ್ಟು ನೋಡಾಣ! ನೀರು ತಗಂಡಿದ್ದು ಸಾಲ್ದಾ, ಹೆಣಾನೂ ಬೇಕಾ? ಏಳ್ರಲೇ, ಹಿಡೀರಿ!"

ಮುಂದಿನ ಹೆಗಲು ಅವನೇ ಕೊಟ್ಟ; ಗೊಲ್ಲಪ್ಪನೂ ಹಟ್ಟಿಯ ಇನ್ನಿಬ್ಬರೂ ಉಳಿದ ಮೂಲೆ ಹಿಡಿದರು. ದಾರಿಯುದ್ದಕ್ಕೂ ಅಣ್ಣನನ್ನು ಬೈಯುತ್ತಲೇ ನಡೆದ. ಮಣ್ಣು ಮುಚ್ಚಿದ ಮೇಲೆ ಉಳಿದ ಮೂವರು ತಲೆ ತಗ್ಗಿಸಿ ಮೇಗಳಹಳ್ಳಿ ಕೆರೆಯ ದಾರಿ ಹಿಡಿದರು.

"ಬಾರಲೇ, ಹೋಗಾಣ," ಗೊಲ್ಲಪ್ಪ ಕರೆದ.

"ನಾನು ನಮ್ಮ ಕೆರೇಲೇ ಮುಳುಗ್ತೀನಿ."

ಗುಂಡಿ ತೋಡಿದ ಗುದ್ದಲಿಯನ್ನೇ ಹಿಡಿದು ಓಬಯ್ಯ ಹಟ್ಟಿಯ ಕೆರೆಗೆ ಇಳಿದ. ತೂಬಿನ ಬುಡದಲ್ಲಿ ಅಗೆಯತೊಡಗಿದ.

ಮುಳುಗೆದ್ದು ಬಂದ ಮೂವರು ಹಟ್ಟಿಯ ಹೊರಗೆ ನಿಂತರು. ಚಿತ್ತಮ್ಮ ಬೇವಿನ ಸೊಪ್ಪು ಹಿಡಿದು ಬೇಲಿಯ ಬಾಯಲ್ಲಿ ಕಾದಳು. ಮೂವರ ಮೈ ಒಣಗಿತು. ಓಬಯ್ಯ ಬರಲಿಲ್ಲ. ಗೊಲ್ಲಪ್ಪ ಬೈಯುತ್ತ ಏರಿ ಹತ್ತಿ ಇಣುಕಿದ.

ಓಬಯ್ಯ ಎದೆಯುದ್ದದ ಗುಂಡಿಯಲ್ಲಿದ್ದ. ಕಾಲಡಿಯಲ್ಲಿ ಅಂಗೈ ಅದ್ದುವಷ್ಟು ಕೆಸರು. ಪಕ್ಕದಲ್ಲಿ ಕರಿ ಹೂಳಿನ ಗುಡ್ಡೆ, ಅದರ ಮೇಲೆ ಗುಂಡಿಯೊಳಗಿಂದ ಇನ್ನೊಂದು ಹೆಂಟೆ ಬಂದು ಬಿತ್ತು.