ಬರಿ ಹಣೆಯ ಮಕ್ಕಳು

ಪ್ರತಿ ಶನಿವಾರ ಬಸ್ಸು ಗೆಜ್ಜಲಗೆರೆ ದಾಟಿದ ಮೇಲೆ ನನ್ನ ಮಗಳು ತೇಜು ಬಳೆ ಬಿಚ್ಚುತ್ತಿದ್ದಳು.

ಮೊದಲು ಎಡಗೈಯವು, ಆಮೇಲೆ ಬಲಗೈಯವು. ನನ್ನ ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆಯುತ್ತಿದ್ದಳು. ಕಿವಿಯ ಜುಮುಕಿಯೂ ಅಲ್ಲಿಗೇ. ಜಡೆಯ ಹೂವನ್ನು ಮುಂದಿನ ಸೀಟಿನ ಹೆಂಗಸಿಗೆ ಕೊಟ್ಟುಬಿಡುತ್ತಿದ್ದಳು. ಅದನ್ನು ನನಗೆ ಕೊಡಬಾರದೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಕಡೆಗೆ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ನನ್ನ ಫೋನಿನ ಬೆನ್ನಿಗೆ ಅಂಟಿಸುತ್ತಿದ್ದಳು. ವಾಪಸು ಬರುವಾಗ ಗೆಜ್ಜಲಗೆರೆ ಹತ್ತಿರವಾಗುತ್ತಿದ್ದ ಹಾಗೆ ಎಲ್ಲವೂ ಮೊದಲಿನ ಜಾಗಕ್ಕೆ ಹೋಗುತ್ತಿದ್ದವು. ಹೂವೊಂದು ಇರುತ್ತಿರಲಿಲ್ಲ. ಕುಣಿಯುವಾಗ ಬಿದ್ದುಹೋಗಿರಬೇಕು ಎಂದು ಅವಳ ಅಜ್ಜಿ ತಾವೇ ಅಂದುಕೊಳ್ಳುತ್ತಿದ್ದರು.

ಮೂರನೇ ಕ್ಲಾಸಿನ ಮಗು ಇದನ್ನೆಲ್ಲ ಯಾರೂ ಹೇಳದೆ ಮಾಡುತ್ತಿತ್ತು. ನಾನು ನೋಡುತ್ತಾ ಕೂತಿರುತ್ತಿದ್ದೆ.

ನಮ್ಮ ಮನೆ ಸೋಮನಹಳ್ಳಿಯಲ್ಲಿ. ತೇಜುವಿನ ಡ್ಯಾನ್ಸ್ ಕ್ಲಾಸು ಮಂಡ್ಯದಲ್ಲಿ, ಅಶೋಕನಗರದ ಒಂದು ಜಿಮ್ಮಿನ ಮೇಲಿನ ಮಹಡಿಯಲ್ಲಿ. ಕಲಿಸುವ ಶೋಭಿತಾ ಮಳವಳ್ಳಿಯ ಹುಡುಗಿ. ಬೆಂಗಳೂರಿನಲ್ಲಿ ಬ್ಯಾಲೆ ಕಲಿತು ಬಂದು ಶನಿವಾರದ ಕ್ಲಾಸು ತೆರೆದಿದ್ದಳು. ಮೊದಲ ದಿನವೇ ತಾಯಂದಿರನ್ನೆಲ್ಲ ಕೂರಿಸಿಕೊಂಡು ನಿಯಮ ಹೇಳಿದಳು. ಬಳೆ ಬೇಡ, ಒಬ್ಬರ ಕೈ ಒಬ್ಬರು ಹಿಡಿಯುವಾಗ ಒಡೆದು ಗೀರುತ್ತೆ. ಸರ, ಓಲೆ, ಕಾಲ್ಗೆಜ್ಜೆ ಬೇಡ. ಜಡೆ ಬೇಡ, ಕೂದಲನ್ನು ಎತ್ತಿ ತುರುಬು ಕಟ್ಟಿ ಬಲೆ ಹಾಕಬೇಕು, ಕತ್ತು ಕಾಣಬೇಕು. ಹೂವು ಬೇಡ. ಉಗುರುಬಣ್ಣ ಬೇಡ. ಮೈಗೆ ಅಂಟುವ ತಿಳಿಗುಲಾಬಿ ಉಡುಪು, ಅದೇ ಬಣ್ಣದ ಬಟ್ಟೆಯ ಷೂ, ಬೇರೆ ಬಣ್ಣ ಯಾವುದೂ ಬೇಡ. ಬೊಟ್ಟೂ ಬೇಡವಾ ಎಂದು ಒಬ್ಬ ತಾಯಿ ಕೇಳಿದ್ದಕ್ಕೆ, ಬೇಡ ಎಂದಳು. ಎಲ್ಲರೂ ಒಂದೇ ಥರ ಕಾಣಬೇಕು, ನೋಡುವವರ ಕಣ್ಣು ಯಾರೊಬ್ಬರ ಮೇಲೂ ನಿಲ್ಲಬಾರದು ಎಂದಳು.

ತಾಯಂದಿರು ಗೊಣಗಿದರು. ಇಷ್ಟು ದುಡ್ಡು ಕೊಟ್ಟು ಮಗಳನ್ನು ಬೋಳುಬೋಳಾಗಿ ಕುಣಿಸಬೇಕಾ ಎಂದು ಒಬ್ಬಾಕೆ ಮೆಟ್ಟಿಲ ಮೇಲೆ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಬೇರೆ ಮಾತು ತೆಗೆದಳು.

ನನ್ನ ಗಂಡ ಶಿವರಾಜು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹೋದ ಆಷಾಢದಲ್ಲಿ ಶಿಫ್ಟು ಮುಗಿಸಿ ಬೈಕಿನಲ್ಲಿ ಬರುವಾಗ ಅಪಘಾತದಲ್ಲಿ ಹೋದರು. ಅದಾದ ಮೇಲೆ ತೇಜು ಏನನ್ನೂ ಕೇಳುವುದನ್ನು ಬಿಟ್ಟಳು. ಕೊಟ್ಟದ್ದು ತಿನ್ನುತ್ತಿದ್ದಳು, ತೊಡಿಸಿದ್ದು ತೊಡುತ್ತಿದ್ದಳು. ಸ್ಕೂಲ್ ಷೂ ತರಲು ಮಂಡ್ಯಕ್ಕೆ ಹೋದ ದಿನ ಮಹಡಿಯ ಮೇಲಿಂದ ಪಿಯಾನೊ ಕೇಳಿಸಿತು. ನನ್ನ ಕೈ ಬಿಡಿಸಿಕೊಂಡು ಅವಳೇ ಮೆಟ್ಟಿಲು ಹತ್ತಿದಳು. ಬಾಗಿಲ ಸಂದಿಯಿಂದ ನೋಡಿ, ನಾನೂ ಸೇರ್ತೀನಿ ಎಂದಳು. ತಿಂಗಳುಗಳ ಮೇಲೆ ಅವಳು ಬೇಕು ಎಂದದ್ದು ಅದೊಂದನ್ನೇ. ಅದು ಕೈತಪ್ಪಿದರೆ ಮಗು ಮತ್ತೆ ಸುಮ್ಮನಾಗುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಅತ್ತೆ ದೊಡ್ಡತಾಯಮ್ಮ ಒಪ್ಪಿದ್ದು ಡ್ಯಾನ್ಸು ಎಂಬ ಮಾತಿಗೆ. ಅವರ ಲೆಕ್ಕದಲ್ಲಿ ಡ್ಯಾನ್ಸು ಎಂದರೆ ಉದ್ದ ಕುಚ್ಚಿನ ಜಡೆ, ತಲೆತುಂಬ ಹೂವು, ಸೊಂಟಕ್ಕೆ ಡಾಬು, ದೊಡ್ಡ ಬೊಟ್ಟು. ಮನೆಯಲ್ಲಿ ತೇಜು ಬೆರಳ ತುದಿಯಲ್ಲಿ ನಿಂತು ಅಡುಗೆಮನೆಯಿಂದ ಹಜಾರಕ್ಕೆ ನಡೆದರೆ, ಅಟ್ಟದ ಮ್ಯಾಲಿಂದ ಏನ್ ತಗೀಬೇಕಮ್ಮಿ ಎಂದು ಕೇಳಿ ನಗುತ್ತಿದ್ದರು. ಪಕ್ಕದ ಮನೆ ಪುಷ್ಪಾ, ಇನ್ನು ಉಪ್ಪಿನಕಾಯಿ ಜಾಡಿ ಇಳಿಸೋಕೆ ಏಣಿ ಬೇಡ ಬುಡಿ ಎನ್ನುತ್ತಿದ್ದಳು. ಮಗ ಹೋದ ಮೇಲೆ ಆ ಮನೆಯಲ್ಲಿ ನಗು ಬಂದದ್ದು ಅದಕ್ಕೇ.

ಆದರೆ ಮೊಮ್ಮಗಳ ಹಣೆಯ ವಿಷಯದಲ್ಲಿ ಅತ್ತೆ ನಗುತ್ತಿರಲಿಲ್ಲ. ಶಿವರಾಜು ತೀರಿಕೊಂಡಂದಿನಿಂದ ಬೆಳಿಗ್ಗೆ ಬೊಟ್ಟಿಟ್ಟು ಬಳೆ ತೊಡಿಸುವುದು ಅವರ ಕೆಲಸವಾಗಿತ್ತು. ಸ್ನಾನ ಮಾಡಿ ಹಾಗೇ ಬಂದರೆ ಹೊಸಲಿನ ಹತ್ತಿರವೇ ನಿಲ್ಲಿಸುತ್ತಿದ್ದರು. ಹೆಣ್ಣುಕೂಸು ಬರಿ ಹಣೆಯಲ್ಲಿ ಓಡಾಡಿದರೆ ಮನೆಯ ಗಂಡಸರಿಗೆ ಆಗುವುದಿಲ್ಲ ಎನ್ನುತ್ತಿದ್ದರು. ಮಾವ ಮುದ್ದಯ್ಯನವರಿಗೆ ಸಕ್ಕರೆ ಕಾಯಿಲೆ. ಒಬ್ಬರನ್ನು ಕಳೆದುಕೊಂಡವರ ಭಯ ಅದು, ವಾದ ಮಾಡುವ ವಿಷಯವಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ಭಾರತೀನಗರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ಮಾತಾಡುವುದು ಕಡಿಮೆ.

ಒಮ್ಮೆ ಬಸ್ಸಿನಲ್ಲಿ ತೇಜುವನ್ನು ಕೇಳಿದೆ, ಎಲ್ಲ ತೆಗೆಯುವಾಗ ಬೇಜಾರಾಗಲ್ವಾ ಎಂದು. ಇಲ್ಲ ಎಂದಳು. ಅಲ್ಲಿ ಯಾರೂ ಹಾಕ್ಕೊಳಲ್ಲ, ಚೆನ್ನಾಗಿರುತ್ತೆ ಎಂದಳು.

ಕಲಾಮಂದಿರದಲ್ಲಿ ಮಕ್ಕಳ ಪ್ರದರ್ಶನ ಎಂದು ಗೊತ್ತಾದಾಗ ಅತ್ತೆ ತಾವೂ ಬರುತ್ತೇನೆ ಎಂದರು. ಬಿಸಿಲು ಎಂದೆ. ಬಸ್ಸಿನಲ್ಲಿ ಜನ ಎಂದೆ. ಮೊಬೈಲಿನಲ್ಲಿ ತೆಗೆದು ತಂದು ತೋರಿಸುತ್ತೇನೆ ಎಂದೆ. ಅವರು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು.

"ನನ್ ಮಗ ಇದ್ದಿದ್ರೆ ಬತ್ತಿದ್ದ. ಅವನ ಬದ್ಲು ನಾನ್ ಬತ್ತೀನಿ ಕಣವ್ವ."



ಪ್ರದರ್ಶನವಿದ್ದ ಭಾನುವಾರ ಮಾವ ನಮ್ಮನ್ನು ಬಸ್ ಸ್ಟಾಪಿಗೆ ಬಿಟ್ಟರು. ಅತ್ತೆ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಒಂದು ವೈರ್ ಬ್ಯಾಗ್ ಇಟ್ಟುಕೊಂಡು ಕಿಟಕಿ ಪಕ್ಕ ಕೂತರು. ಮದ್ದೂರಿನಲ್ಲಿ ಹತ್ತಿದ ಹೆಂಗಸಿಗೆ, ನನ್ನ ಮೊಮ್ಮಗಳು ಇವತ್ತು ಸ್ಟೇಜ್ ಮೇಲೆ ಆಡುತ್ತಾಳೆ ಎಂದು ಹೇಳಿದರು. ಆಕೆ ತೇಜುವಿನ ಗಲ್ಲ ಹಿಡಿದು, ಎಲ್ಲಿ ಒಂದು ಸ್ಟೆಪ್ ಹಾಕು ನೋಡೋಣ ಎಂದಳು. ಬಸ್ಸಲ್ಲಿ ಕುಣಿದರೆ ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳ್ತಾನೆ ಬುಡು ಎಂದರು ಅತ್ತೆ. ಗೆಜ್ಜಲಗೆರೆ ಬಂತು. ಕಾರ್ಖಾನೆಯ ದಿಕ್ಕಿಗೆ ಮೂವರೂ ನೋಡಲಿಲ್ಲ. ದಾಟಿದ ಮೇಲೆ ತೇಜುವಿನ ಕೈ ಬಳೆಗೆ ಹೋಯಿತು. ಬೇಡವೆಂದು ತಲೆಯಾಡಿಸಿದೆ. ಕೈ ಇಳಿಸಿ ಮಂಡ್ಯದವರೆಗೂ ನನ್ನನ್ನೇ ನೋಡುತ್ತಾ ಕೂತಳು.

ಅತ್ತೆಯನ್ನು ಸಭಾಂಗಣದಲ್ಲಿ, ಫ್ಯಾನಿನ ಕೆಳಗೆ ಕೂರಿಸಿದೆ. ಇಲ್ಲೇ ಇರಿ, ಶುರುವಾದಾಗ ಬರುತ್ತೇನೆ ಎಂದೆ. ಒಳಗೆ ಹೋಗಿ ತೇಜುವಿಗೆ ಗುಲಾಬಿ ಉಡುಪು ತೊಡಿಸಿದೆ, ಕೂದಲಿಗೆ ನೀರು ಹಚ್ಚಿ ಹಿಂದಕ್ಕೆ ಬಾಚಿ ತುರುಬು ಕಟ್ಟಿದೆ. ಬಳೆ ಬ್ಯಾಗಿಗೆ ಹೋಯಿತು. ಬೊಟ್ಟು ಫೋನಿಗೆ ಹೋಯಿತು. ಶೋಭಿತಾ ಮಕ್ಕಳನ್ನು ಗೋಡೆಯುದ್ದಕ್ಕೂ ಸಾಲು ನಿಲ್ಲಿಸಿ ಒಬ್ಬೊಬ್ಬರ ತುರುಬನ್ನೂ ಮುಟ್ಟಿ ನೋಡುತ್ತಿದ್ದಳು. ಆಗ ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಕೈಯಲ್ಲಿ ವೈರ್ ಬ್ಯಾಗಿತ್ತು. ಅದರ ಬಾಯಿ ತೆರೆದಿತ್ತು. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಕನಕಾಂಬರ, ಕಾಗದದಲ್ಲಿ ಕೆಂಪು ಗಾಜಿನ ಬಳೆ. ಮೊಮ್ಮಗಳಿಗೆ ತಾವೇ ಮುಡಿಸಬೇಕೆಂದು ಮುಚ್ಚಿಟ್ಟು ತಂದಿದ್ದರು.

ಅವರು ಮಕ್ಕಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬರಿ ಕೈ, ಬರಿ ಕತ್ತು, ಬರಿ ಹಣೆ, ಎಳೆದು ಕಟ್ಟಿದ ತುರುಬು. ಹೂವಿಲ್ಲ. ಸಾಲಿನ ನಡುವೆ ತಮ್ಮ ಮೊಮ್ಮಗಳು.

"ಯಾರವ್ವ ಸತ್ತೋಗಿರೋದು ಇಲ್ಲಿ?"

ದನಿ ಏರಿಸಿ ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದರು. ಕೋಣೆಯಲ್ಲಿದ್ದ ತಾಯಂದಿರೆಲ್ಲ ತಿರುಗಿ ನೋಡಿದರು.

"ಯಾರೂ ಸತ್ತಿಲ್ಲ ಅಜ್ಜಿ," ಎಂದಳು ತೇಜು. "ಇದು ರೂಲು. ಅಮ್ಮಂಗೂ ಇದೇ ರೂಲು ತಾನೇ?"

ಅತ್ತೆ ನನ್ನ ಕಡೆ ನೋಡಲಿಲ್ಲ. ಬ್ಯಾಗಿನ ತಳದಿಂದ ಕುಂಕುಮದ ಭರಣಿ ತೆಗೆದರು. ಹೆಬ್ಬೆರಳು ಅದ್ದಿ ಮಗುವಿನ ಹಣೆಗೆ ಒತ್ತಿದರು. ಕುಂಕುಮ ಹುಬ್ಬಿನವರೆಗೂ ಇಳಿಯಿತು. ನಡಿ ಮನೆಗೆ ಎಂದರು. ಈ ಆಟ ಸಾಕು, ಇನ್ನು ಇಲ್ಲಿಗೆ ಬರುವುದು ಬೇಡ ಎಂದರು. ತೇಜು ಸಾಲು ಬಿಟ್ಟು ಕದಲಲಿಲ್ಲ.

ಹೊರಗೆ ಮೈಕಿನಲ್ಲಿ ಮಕ್ಕಳ ಡ್ಯಾನ್ಸಿನ ಹೆಸರು ಕೂಗಿದರು. ಶೋಭಿತಾಗೆ ನಮ್ಮ ಮನೆಯ ಕಥೆ ಗೊತ್ತಿರಲಿಲ್ಲ. ಅವಳು ಮೆಲ್ಲಗೆ, ಅಜ್ಜಿಗೆ ಬೇಜಾರಾಗದ ಹಾಗೆ, ನನ್ನನ್ನು ಕೇಳಿಕೊಂಡಳು. ಲೈಟಿಗೆ ಎದ್ದು ಕಾಣುತ್ತೆ, ಆಮೇಲೆ ಬೇಕಾದರೆ ಇಡಿ, ಈಗ ಸ್ವಲ್ಪ ಒರೆಸಿಬಿಡಿ ಮೇಡಂ ಎಂದಳು. ನನ್ನ ಕೈಗೆ ಒಂದು ಟಿಶ್ಯೂ ಕೊಟ್ಟಳು.

ಮಗುವಿನ ಎದುರು ಮೊಣಕಾಲೂರಿ ಕೂತೆ. ಟಿಶ್ಯೂ ಹಿಡಿದ ಕೈ ಮಡಿಲಲ್ಲೇ ಇತ್ತು. ಎತ್ತಬೇಕೆಂದು ಗೊತ್ತಿತ್ತು. ಎತ್ತದಿದ್ದರೆ ಸಾಲು ಅವಳನ್ನು ಬಿಟ್ಟು ಹೋಗುತ್ತದೆ, ಎತ್ತಿದರೆ ಪಕ್ಕದಲ್ಲೇ ನಿಂತ ಅತ್ತೆಯ ಮುಂದೆ ನನ್ನ ಮಗಳ ಕುಂಕುಮವನ್ನು ನಾನೇ ಒರೆಸಬೇಕು.

ತೇಜು ನನ್ನ ಸೆರಗಿನ ತುದಿ ಎತ್ತಿಕೊಂಡಳು. ಕನ್ನಡಿ ಕೆಳಗಿದ್ದ ನೀರಿನ ಬಾಟಲಿಯಲ್ಲಿ ಅದ್ದಿ ಹಿಂಡಿದಳು.

"ಒದ್ದೆ ಮಾಡ್ಕೊಂಡು ಒರೆಸಬೇಕಮ್ಮ, ಇಲ್ಲಾಂದ್ರೆ ಕಲೆ ಉಳಿಯುತ್ತೆ. ಪಟ್ಟಲಮ್ಮಜ್ಜಿ ನಿಂಗೆ ಹಂಗೇ ಒರೆಸಿದ್ದು."

ಎಡಗಡೆಯಿಂದ ಬಲಗಡೆಗೆ, ಒಂದೇ ಸಲ, ಒತ್ತಿ ಎಳೆದಳು. ಪಟ್ಟಲಮ್ಮ ಒರೆಸಿದ್ದೂ ಹಾಗೇ.

ಅದು ಶಿವರಾಜು ಹೋದ ಹನ್ನೊಂದನೇ ದಿನ, ನಮ್ಮ ಹಿತ್ತಲಲ್ಲಿ. ಪಟ್ಟಲಮ್ಮ ಊರಿನ ಹಳೆಯ ವಿಧವೆ. ಇಂಥದ್ದಕ್ಕೆ ಅವರನ್ನೇ ಕರೆಯುವುದು. ಅತ್ತೆಯೇ ಹೇಳಿ ಕಳಿಸಿದ್ದರು. ನನ್ನ ಭುಜ ಹಿಡಿದು ಹಿಂದೆ ನಿಂತಿದ್ದವರೂ ಅವರೇ. ಹಿತ್ತಲಲ್ಲಿ ಹೆಂಗಸರಷ್ಟೇ ಇದ್ದರು. ತೇಜುವನ್ನು ಪುಷ್ಪಾಳ ಮನೆಯಲ್ಲಿ ಟಿ.ವಿ. ಮುಂದೆ ಕೂರಿಸಿದ್ದೆವು. ಮಗು ಏನನ್ನೂ ನೋಡಲಿಲ್ಲ ಎಂಬುದೊಂದೇ ಆ ದಿನದಲ್ಲಿ ನನಗೆ ಸಮಾಧಾನವಾಗಿ ಉಳಿದದ್ದು.

ತೇಜು ಸೆರಗನ್ನು ನನ್ನ ಭುಜಕ್ಕೆ ಹಾಕಿ ಸರಿಮಾಡಿದಳು. ಸಾಲಿಗೆ ಹೋಗಿ ಮುಂದಿನ ಹುಡುಗಿಯ ಕೈ ಹಿಡಿದಳು. ಅವರು ಹೊರಟುಹೋದರು.

ನಾನು ಎದ್ದು ಪರದೆಯ ಪಕ್ಕಕ್ಕೆ ಹೇಗೆ ಬಂದೆನೋ ತಿಳಿಯದು. ಪಿಯಾನೊ ಶುರುವಾಯಿತು. ಮಕ್ಕಳು ಬೆಳಕಿಗೆ ಬಂದರು. ಎಲ್ಲರೂ ಒಂದೇ ಥರ ಇದ್ದರು. ಯಾರ ಅಪ್ಪ ಇದ್ದಾನೆ, ಯಾರ ಅಪ್ಪ ಇಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ತೇಜುವಿನ ಕೂದಲಂಚಿನಲ್ಲಿ ಮಾತ್ರ ಒಂದು ಕೆಂಪು ಗೆರೆ ಉಳಿದಿತ್ತು, ಅದು ದೂರಕ್ಕೆ ಕಾಣುವಂಥದ್ದಲ್ಲ. ಅವಳು ತೋಳೆತ್ತಿ, ಬೆರಳ ತುದಿಯಲ್ಲಿ ಏರಿ, ಏರಿದಲ್ಲೇ ನಿಂತಳು. ಎಲ್ಲಿಯೂ ತಪ್ಪಲಿಲ್ಲ. ನನ್ನ ಹಿಂದೆ ಅತ್ತೆ ನಿಂತಿದ್ದರು. ಕುಂಕುಮದ ಹೆಬ್ಬೆರಳನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತೋಚದವರಂತೆ ಮೈಯಿಂದ ದೂರ ಹಿಡಿದಿದ್ದರು. ಜನ ಚಪ್ಪಾಳೆ ತಟ್ಟಿದಾಗಲೂ ಆ ಕೈ ಹಾಗೇ ಇತ್ತು.

ವಾಪಸು ಬಸ್ಸಿನಲ್ಲಿ ತೇಜು ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ನಿದ್ದೆಹೋದಳು. ತುರುಬು ಬಿಚ್ಚಿರಲಿಲ್ಲ. ಬಳೆಗಳು ನನ್ನ ಬ್ಯಾಗಿನಲ್ಲಿದ್ದವು. ಹೂವು ವೈರ್ ಬ್ಯಾಗಿನಲ್ಲೇ ಬಾಡುತ್ತಿತ್ತು. ಬೈಗುಳಕ್ಕೆ ಕಾದು ಕೂತಿದ್ದೆ. ನಾಳೆಯಿಂದ ಕ್ಲಾಸಿಲ್ಲ ಎಂದರೆ ಏನು ಹೇಳಬೇಕೆಂದು ಒಂದು ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ, ಅದು ಕೂಡುತ್ತಿರಲಿಲ್ಲ.

"ಅವತ್ತು ಪುಷ್ಪನ್ ಮನೇಲಿ ಅಲ್ವಾ ಸಸಿ ಇವಳ ಬುಟ್ಟಿದ್ದು?" ಎಂದರು ಅತ್ತೆ. ನನ್ನ ಹೆಸರು ಶಶಿರೇಖಾ. ಅವರ ಬಾಯಲ್ಲಿ ಸಸಿ.

ಹೌದು ಎಂದೆ.

"ಟೀವಿ ಆಕ್ಕೊಟ್ಟು ಕೂರ್ಸು ಅಂದಿದ್ದೆ ನಾನು." ಮಡಿಲಲ್ಲಿದ್ದ ಮಗುವಿನ ಮುಖ ನೋಡಿದರು. "ಅವರ್ ತಾರಸಿ ಮ್ಯಾಲ್ ನಿಂತ್ರೆ ನಮ್ ಇತ್ಲು ಕಾಣ್ತದೆ."

ಅವರು ಮಗುವಿನ ಕೂದಲಂಚಿನ ಕೆಂಪು ಗೆರೆಯನ್ನು ಬೆರಳಿನಿಂದ ಉಜ್ಜಿದರು. ಅದು ಹೋಗಲಿಲ್ಲ.

ಸ್ಟಾಪಿಗೆ ಗಾಡಿ ತರಲು ಮಾವನಿಗೆ ಹೇಳೋಣವೆಂದು ಫೋನ್ ತೆಗೆದೆ. ಅದರ ಬೆನ್ನ ಮೇಲೆ ಬೊಟ್ಟಿತ್ತು. ಅತ್ತೆಯ ಕಣ್ಣು ಅಲ್ಲಿಗೆ ಹೋಯಿತು. ಎಷ್ಟು ಶನಿವಾರಗಳಿಂದ ಹೀಗೆ ಎಂದು ಕೇಳಲಿಲ್ಲ. ಕೈ ಚಾಚಿ ಉಗುರಿನಿಂದ ಬೊಟ್ಟನ್ನು ಎಬ್ಬಿಸಿ ತೋರುಬೆರಳ ತುದಿಗೆ ತೆಗೆದುಕೊಂಡರು. ನಿದ್ದೆಯಲ್ಲಿದ್ದ ಮಗುವಿನ ಹಣೆಯ ಹತ್ತಿರ ಒಯ್ದು ತಡೆದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಬೆರಳು ನನ್ನ ಕಡೆ ತಿರುಗಿತು.

ನಾನು ಹಿಂದಕ್ಕೆ ಸರಿದೆ. ಸರಿಯಬೇಕೆಂದು ಅಂದುಕೊಳ್ಳಲಿಲ್ಲ. ತಲೆ ಕಿಟಕಿಯ ಕಂಬಿಗೆ ಬಡಿಯಿತು. ಆ ರೂಲು ನನ್ನ ಮೈಯಲ್ಲೂ ಕೂತಿದೆ ಎಂದು ಆಗಲೇ ನನಗೂ ಗೊತ್ತಾದದ್ದು.

ಅತ್ತೆಯ ಬೆರಳು ನಮ್ಮಿಬ್ಬರ ನಡುವೆ ಹಾಗೇ ನಿಂತಿತ್ತು. ಬಸ್ಸು ಗೆಜ್ಜಲಗೆರೆಯಲ್ಲಿ ನಿಂತು, ಶಿಫ್ಟು ಬಿಟ್ಟ ಒಂದಿಷ್ಟು ಜನರನ್ನು ಹತ್ತಿಸಿಕೊಂಡು ಹೊರಟಿತು. ಅವರು ಬೊಟ್ಟನ್ನು ಮತ್ತೆ ನನ್ನ ಫೋನಿನ ಬೆನ್ನಿಗೇ ಅಂಟಿಸಿದರು. ಉದುರದ ಹಾಗೆ ಹೆಬ್ಬೆರಳಿನಿಂದ ಒತ್ತಿದರು.

"ಸನ್ವಾರ ಬಸ್ಸು ಎಷ್ಟೊತ್ಗೆ?" ಎಂದು ಕೇಳಿದರು.