ಎಡಗೈ ಆಣೆ

ಹಗೇವಿನ ಬಾಯಿ ತೆಗೆದು ಇಳಿಬಿಟ್ಟ ದೀಪ ಆರಿತು. ಆದರೂ ಸಿದ್ದಮಲ್ಲಪ್ಪ ತನ್ನ ಆಳು ಮಾರಯ್ಯನನ್ನು ಒಳಕ್ಕೆ ಇಳಿಸಿದ. ಮಾರಯ್ಯ ಜೀವಸಹಿತ ಮೇಲೆ ಬರಲಿಲ್ಲ.

ಅದು ಎರಡನೇ ಮಹಾಯುದ್ಧದ, ಊರಿನವರ ಬಾಯಲ್ಲಿ ಲಡಾಯಿಯ, ಕಾಲ. ಹರವೆ ಕಡೆಯ ಆ ಹಳ್ಳಿಯಲ್ಲಿ ರಾಗಿಯನ್ನು ಹಗೇವಿನಲ್ಲಿ, ಅಂದರೆ ಆಳೆತ್ತರಕ್ಕೂ ಮಿಗಿಲಾಗಿ ನೆಲ ತೋಡಿದ ಗುಂಡಿಯಲ್ಲಿ, ಹೂಳಿಡುತ್ತಿದ್ದರು. ಬಾಯಿ ಮುಚ್ಚಿದ ಹಗೇವಿನೊಳಗೆ ಗಾಳಿ ಕೆಡುತ್ತದೆ. ತೆಗೆದ ಮೇಲೆ ಒಂದು ಹಗಲಾದರೂ ಹಾಗೇ ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಆ ಸೀಮೆಯ ಮಕ್ಕಳಿಗೂ ಗೊತ್ತು. ಆದರೆ ಲಡಾಯಿಗೆಂದು ರೈತರಿಂದ ಕಡ್ಡಾಯವಾಗಿ ರಾಗಿ ಲೆವಿ ಎತ್ತುವ ಅಧಿಕಾರಿ ಅಂದೇ ಮಧ್ಯಾಹ್ನ ಬರುವವನಿದ್ದ. ಅಷ್ಟರೊಳಗೆ ಸಿದ್ದಮಲ್ಲಪ್ಪನ ರಾಗಿ ಜಾಗ ಬದಲಿಸಬೇಕಿತ್ತು.

"ದೀಪ ಕೆಟ್ಟೋಯ್ತು ಬುದ್ಧಿ" ಎಂದ ಮಾರಯ್ಯ.

"ಇಳಿ ಅಂದ್ರ ಇಳೀಬೇಕು" ಎಂದ ಸಿದ್ದಮಲ್ಲಪ್ಪ.

ದೀಪದ ಹಗ್ಗ ಹಿಡಿದು ನಿಂತಿದ್ದವಳು ಮಾರಯ್ಯನ ಹೆಂಡತಿ ಮೂಗಮ್ಮ. ಸಾವಿನ ವಿಚಾರಣೆಗೆ ಬಂದವರು ಸಿದ್ದಮಲ್ಲಪ್ಪನ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಆಳು ಜ್ವರದಿಂದ ಸತ್ತನೆಂದು ಕೇಳಿಸಿಕೊಂಡು ಎದ್ದುಹೋದರು. ಅಂಗಳದಾಚೆ ಮಣ್ಣಿನಲ್ಲಿ ಕೂತಿದ್ದ ಮೂಗಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಅವಳು ಊರು ಬಿಟ್ಟು ಗುಂಡ್ಲುಪೇಟೆಗೆ ಬಂದಳು. ಜೊತೆಗೆ ಕರೆತರಲು ಮಕ್ಕಳಿರಲಿಲ್ಲ. ಕೇರಿಯ ಕೊನೆಯಲ್ಲಿ ಒಂದು ಗುಡಿಸಲು, ಒಂದು ಕೊಡ, ಒಂದು ಮಡಕೆ. ಸಂಜೆ ಒಲೆಯ ಮುಂದೆ ಕೂತರೆ ಎದುರಿಗೆ ಯಾರೂ ಇಲ್ಲದ್ದರಿಂದ ಉಪ್ಪು ಹೆಚ್ಚಾಯಿತೆಂದು ಬೈಯುವವರೂ ಇರಲಿಲ್ಲ. ಕೆಲವು ವರ್ಷಕ್ಕೆ ಸಿದ್ದಮಲ್ಲಪ್ಪನೂ ಅದೇ ಊರಿಗೆ ಬಂದು ಅಕ್ಕಿ ಗಿರಣಿ ಹಾಕಿದ. ಅವಳು ಅಲ್ಲಿದ್ದಾಳೆಂದು ಅವನಿಗೆ ತಿಳಿಯದು. ತಿಳಿದುಕೊಳ್ಳಬೇಕಾದ ಸಂಗತಿ ಅದೆಂದು ಅವನಿಗೆ ಅನ್ನಿಸುತ್ತಲೂ ಇರಲಿಲ್ಲ.

ಊಟಿ ರಸ್ತೆಯ ಮಗ್ಗುಲಿಗೆ ಅವನದೊಂದು ಖಾಲಿ ಜಾಗವಿತ್ತು. ಚಾಮರಾಜನಗರದಿಂದ ಬರುವ ಡೇರೆ ಟಾಕೀಸಿನವರು ಬೇಸಿಗೆಯಲ್ಲಿ ಅಲ್ಲೇ ಡೇರೆ ಹೊಡೆಯುತ್ತಿದ್ದರು. ಮೂಗಮ್ಮನಿಗೆ ಆಗ ಅಲ್ಲಿ ಕೆಲಸ. ಆಟ ಶುರುವಾಗುವ ಮುಂಚೆ ನೆಲಕ್ಕೆಲ್ಲ ನೀರು ಚಿಮುಕಿಸಬೇಕು. ಇಲ್ಲದಿದ್ದರೆ ಜನ ಕಾಲಾಡಿಸಿದ ಧೂಳು ಎದ್ದು ಬೆಳಕಿಗೆ ಅಡ್ಡ ಬಂದು ಪರದೆಯ ಮೇಲಿನ ಮುಖಗಳು ಮಸುಕಾಗುತ್ತಿದ್ದವು. ಅವಳು ತಣಿಸಿದ ನೆಲದ ಮೇಲೆ ಊರಿನವರು ಪಂಚೆ ಹಾಸಿಕೊಂಡು ಕೂರುತ್ತಿದ್ದರು. ಅವಳೂ ಅವಳ ಕೇರಿಯವರೂ ಪರದೆಯ ಹಿಂದೆ ಕೂರುತ್ತಿದ್ದರು. ಇಂಥದ್ದು ಕೂಡದೆಂದು ದಿಲ್ಲಿಯಲ್ಲಿ ಕಾನೂನು ಮಾಡಿ ಆಗಿತ್ತು. ಡೇರೆಗೆ ಅದಿನ್ನೂ ಬಂದಿರಲಿಲ್ಲ. ಸಿನಿಮಾಗಳೂ ಅಲ್ಲಿಗೆ ತಡವಾಗಿಯೇ ಬರುತ್ತಿದ್ದವು.

ಆ ವಾರ ಬಂದಿದ್ದು ಇಂಗ್ಲಿಷ್ ಸಿನಿಮಾ. ಡೇರೆಯಲ್ಲಿ ಅದು ಯಾರಿಗೂ ಅರ್ಥವಾಗುವಂಥದ್ದಲ್ಲ. ಹಾಗಾಗಿ ಕುದೇರಿನ ಪುಟ್ಟಮಾದಯ್ಯ ತಗಡಿನ ತುತ್ತೂರಿ ಹಿಡಿದು ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದ. ಟಾಕೀಸಿನವರು ಅವನನ್ನು ಅದಕ್ಕೇ ಸಾಕಿಕೊಂಡಿದ್ದರು. ಇಂಗ್ಲಿಷು ಅವನಿಗೂ ಅಷ್ಟಕ್ಕಷ್ಟೆ. ಆದರೆ ಬಾಯಿ ಜೋರು.

"ಕೇಳ್ರಪ್ಪೋ! ರಾಗಿ ಲೆವಿ ಎತ್ತುದ್ರಲ್ಲ, ಅದೇ ಲಡಾಯಿ ಕಾಲದ ಕಥೆ! ಈ ಸಾಹೇಬ ಒಂದ್ ಊರ್ನೇ ಬಾಗ್ಲು ಹಾಕಿ ಸುಡ್ಸವ್ನ. ಲಡಾಯಿ ಮುಗುದ್ಮ್ಯಾಲ ಹೆಸ್ರು ಬದ್ಲಾಯಿಸ್ಕಂಡು ಸಮುದ್ರದ್ ದಡದಲ್ಲಿ ಗೊಂಬೆ ಅಂಗ್ಡಿ ಮಡ್ಗವ್ನ. ಮಕ್ಕಳ್ಗ ಪುಗಸಟ್ಟೆ ಪೀಪಿ ಕೊಟ್ಟಾನು, ನಂಬ್ಬುಟ್ಟೀರಿ!"

'ಅದೇ ಲಡಾಯಿ' ಎಂದದ್ದು ಕೇಳಿ ಮೊದಲ ದಿನವೇ ಮೂಗಮ್ಮ ನೆಟ್ಟಗೆ ಕೂತಳು.

ಕೆಮ್ಮುವ ಒಬ್ಬ ದಪ್ಪ ಮನುಷ್ಯ ಛತ್ರಿ ಹಿಡಿದು ಆ ಸಾಹೇಬನನ್ನು ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಹಡಗು ತಪ್ಪಿಸಿಕೊಳ್ಳುತ್ತಾನೆ, ಒದೆ ತಿನ್ನುತ್ತಾನೆ, ಒಂದು ಸಲ ಸಾಹೇಬನೇ ಅವನಿಗೆ ಗುಂಡು ಹಾರಿಸುತ್ತಾನೆ. ಮುಂದಿನವರು ಅಲ್ಲೆಲ್ಲ ಸಿಳ್ಳೆ ಹಾಕುತ್ತಿದ್ದರು. ಮೂಗಮ್ಮ ಕಾಯುತ್ತಿದ್ದುದು ಬೇರೆ ಜಾಗಕ್ಕೆ. ಕೊನೆಯಲ್ಲಿ ಆ ದಪ್ಪ ಮನುಷ್ಯ ಸುಟ್ಟ ಊರಿನಲ್ಲಿ ಉಳಿದಿದ್ದ, ಬಟ್ಟೆ ಒಗೆಯುವ ಒಬ್ಬ ಹೆಂಗಸಿನ ಮನೆಗೆ ಬರುತ್ತಾನೆ. ಛತ್ರಿ ಮಡಿಸಿ, ಅವಳ ಮುಂದೆ ಮೊಣಕಾಲು ಮಡಚಿ ಕೂತು ಏನೋ ಕೇಳುತ್ತಾನೆ. ಪುಟ್ಟಮಾದಯ್ಯ ಅಲ್ಲಿ ದನಿ ತಗ್ಗಿಸುತ್ತಿದ್ದ: "ಅವ್ವಾ, ನೀನೇನ್ ನೋಡ್ದೆ? ಹೇಳವ್ವ." ಪರದೆಯ ಹಿಂದಕ್ಕೆ ಆ ಮಾತಿನ ಬೆನ್ನಷ್ಟೇ ಕೇಳುತ್ತಿತ್ತು. ಅಷ್ಟು ಸಾಕಾಗಿತ್ತು. ಆಮೇಲೆ ಅವಳು ಕೋರ್ಟಿಗೆ ಬಂದು, ಕೈ ಎತ್ತಿ ಆಣೆ ಇಟ್ಟು, ಸಾಹೇಬನ ಕಡೆ ಬೆರಳು ತೋರಿಸುತ್ತಾಳೆ.

ಆ ಕೊಲೆಗಾರ ಹೆಸರು ಬದಲಿಸಿಕೊಂಡಿದ್ದ, ಊರು ಬಿಟ್ಟಿದ್ದ, ಬಾಗಿಲು ತಟ್ಟಿದರೆ ಬೆಚ್ಚುತ್ತಿದ್ದ. ಸಿದ್ದಮಲ್ಲಪ್ಪನಿಗೆ ಇಂಥ ಯಾವ ಕಷ್ಟವೂ ಬಂದಿರಲಿಲ್ಲ. ಅವನ ಹೆಸರು ಗಿರಣಿಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು.

ಮೂಗಮ್ಮ ದಿನವೂ ಆಟ ನೋಡಿದಳು. ಗುಡಿಸಲಿಗೆ ಹೋಗಿ ಮಲಗಿ, ಕತ್ತಲೆಗೆ ತಾನೇ ಮೆಲ್ಲಗೆ ಹೇಳಿಕೊಂಡಳು: "ನೀನೇನ್ ನೋಡ್ದೆ ಮೂಗವ್ವ?" ಆದರೆ ಅವಳ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಆಟದ ಕೊನೆಯ ದಿನ ಬೆಳಿಗ್ಗೆ, ಡೇರೆಯ ಮುಂದೆ ಪುಟ್ಟಮಾದಯ್ಯ ಪೋಸ್ಟರು ಬಿಚ್ಚುತ್ತಿದ್ದಾಗ, ಕೊಡ ಕಂಕುಳಲ್ಲಿಟ್ಟುಕೊಂಡೇ ಕೇಳಿದಳು.

"ಪುಟ್ಟಮಾದಣ್ಣ, ಒಂದ್ ಮಾತು ಕೇಳ್ಲಾ?"

"ಟೀ ಒಂದ್ ಬುಟ್ಟು ಏನ್ ಬೇಕಾದ್ರೂ ಕೇಳು."

"ಆ ಬಟ್ಟೆ ಒಗಿಯೋ ಹೆಂಗ್ಸು ಅಷ್ಟೆಲ್ಲ ನೊಂದು ಕೋರ್ಟ್ಗ ಬಂದವ್ಳ. ಬಂದು ಎಡಗೈ ಎತ್ತಿ ಆಣೆ ಮಡಗ್ಬುಟ್ಳಲ್ಲ? ಎಡಗೈ ಆಣೆ ಯಾರ್ ನಂಬ್ತಾರ?"

"ಎಡಗೈಯಾ? ಬಲಗೈ ಕಣವ್ವ."

"ದಿನಾ ನೋಡ್ತಿರೋಳು ನಾನು. ಎಡಗೈ."

"ದಿನಾ ಹೇಳ್ತಿರೋನು ನಾನು. ಬಲಗೈ!"

"ಅಂಗಾದ್ರ ನಿನ್ ಕಣ್ಗ ಪೊರೆ ಬಂದದ. ಆ ಜನ್ವೇ ಎಡಚರು. ಉಣ್ಣದು ಎಡಗೈಲಿ, ಕೊಡದು ಎಡಗೈಲಿ. ಅವರಿರ್ಲಿ, ಓದ್ ಸಲ ಬಂದಿತ್ತಲ್ಲ ದೇವ್ರ ಸಿನಿಮಾ, ಅದ್ರಲ್ಲಿ ದೇವ್ರೂ ಎಡಗೈಲೇ ವರ ಕೊಟ್ಟ."

ಪುಟ್ಟಮಾದಯ್ಯ ಬಾಯಿ ತೆರೆದು ನಿಂತ. ಆಮೇಲೆ ತುತ್ತೂರಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. ಕೈಯಲ್ಲಿದ್ದ ಪೋಸ್ಟರನ್ನು ಬಿಸಿಲಿಗೆ ಎತ್ತಿ ಹಿಡಿದ. ಅದರಲ್ಲಿ ಆ ಸಾಹೇಬ ಬಲಗೈಯಲ್ಲಿ ಗೊಂಬೆ ಹಿಡಿದು ನಿಂತಿದ್ದ.

"ಇಲ್ಲಿ ನೋಡು. ಯಾವ ಕೈ?"

"ಬಲಗೈ."

"ಈಗ ಹಿಂದ್ಗಡೀಕ ಬಾ. ಬಿಸಿಲಲ್ಲಿ ಕಾಣ್ತದಲ್ಲ, ಯಾವ ಕೈ?"

ಮೂಗಮ್ಮ ಹಿಂದಕ್ಕೆ ಬಂದು ನೋಡಿದಳು. ಮುಂದಕ್ಕೆ ಹೋಗಿ ನೋಡಿದಳು. ಮತ್ತೆ ಹಿಂದಕ್ಕೆ ಬಂದಳು.

"ಪರದೆ ಹಿಂದ ಕೂತ್ರ ಎಲ್ಲಾ ತಿರುಗ್ ಮುರುಗು ಕಣವ್ವ" ಎಂದ ಅವನು ಕಣ್ಣೊರೆಸಿಕೊಳ್ಳುತ್ತಾ. "ದೇವ್ರೂ ಬಲಗೈಲೇ ಕೊಟ್ಟಿದ್ದು. ನಿಮಗ ಎಡಗೈಲಿ ಕೊಟ್ಟಂಗ ಕಂಡದ, ಅಷ್ಟೇಯ."

ಅವಳು ನಗಲಿಲ್ಲ. ಇಷ್ಟನ್ನೆಲ್ಲ ಯಾಕೆ ಕೇಳಿದೆ ಎಂದು ಅವನು ಕೇಳಬಹುದೆಂದುಕೊಂಡು ಕೊಡ ಹೊತ್ತು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಅವನು ಪೋಸ್ಟರು ಸುರುಳಿ ಸುತ್ತಿಕೊಂಡು, "ದೇವ್ರೂ ಎಡಚನಂತ!" ಎಂದು ತನ್ನಷ್ಟಕ್ಕೆ ನಗುತ್ತಾ ಟೀ ಅಂಗಡಿಯ ಕಡೆ ಹೋದ. ಕೇರಳದ ಲಾರಿಯೊಂದು ಮೆಣಸಿನ ವಾಸನೆ ಬಿಟ್ಟು ರಸ್ತೆಯಲ್ಲಿ ಹಾದುಹೋಯಿತು. ಡೇರೆಯ ಮುಂದೆ ಅವಳೊಬ್ಬಳೇ ಉಳಿದಳು.

ನಾಳೆ ಡೇರೆ ಬಿಚ್ಚಿ ಗಾಡಿಗೆ ಹೇರಿದರೆ ಸಿನಿಮಾ ಚಾಮರಾಜನಗರಕ್ಕೆ ಹೋಗುತ್ತದೆ. ಮತ್ತೆ ಬರುವುದಿಲ್ಲ. ಆ ಹೆಂಗಸು ಬಲಗೈ ಎತ್ತುವುದನ್ನು, ಅವಳ ಆಣೆ ಆಣೆಯಾಗುವುದನ್ನು, ಎದುರಿನಿಂದ ಒಂದೇ ಒಂದು ಸಲ ನೋಡಬೇಕು. ಅದಕ್ಕಿಂತ ಹೆಚ್ಚಿನದೇನನ್ನೂ ಮೂಗಮ್ಮ ಬಯಸಲಿಲ್ಲ.

ಸಂಜೆ ಎಂದಿನಂತೆ ನೆಲಕ್ಕೆ ನೀರು ಚಿಮುಕಿಸಿದಳು. ಕೊನೆಯ ಆಟವೆಂದು ಜಾಗದ ಯಜಮಾನನನ್ನು ಕರೆದಿದ್ದರು. ನೆಲದ ಮೇಲೆ ಕೂರುವವರ ಹಿಂದುಗಡೆ, ಬೆಂಚುಗಳ ಸಾಲಿನಲ್ಲಿ, ಸಿದ್ದಮಲ್ಲಪ್ಪನಿಗೆ ಮನೆಯಿಂದಲೇ ತಂದ ಕುರ್ಚಿ ಹಾಕಿತ್ತು. ಮ್ಯಾನೇಜರ್ ನಂಜುಂಡಪ್ಪ ಅವನ ಕೊರಳಿಗೆ ಹಾರ ಹಾಕಿದ. ಜನ ತುಂಬಿದರು. ಮೂಗಮ್ಮ ಖಾಲಿ ಕೊಡವನ್ನು ಕಂಬಕ್ಕೆ ಒರಗಿಸಿಟ್ಟಳು. ಪರದೆಯ ಹಿಂದಕ್ಕೆ ಹೋಗದೆ, ತಾನು ತಣಿಸಿದ ನೆಲದ ಮೇಲೆ, ಪರದೆಗೆ ಎದುರಾಗಿ ಕೂತಳು.

ಪಕ್ಕದಲ್ಲಿದ್ದವರು ಮೊದಲು ನೋಡಿದರು, ಆಮೇಲೆ ಸರಿದರು. ಸರಿದ ಜಾಗ ಅಗಲವಾಗುತ್ತಾ ಹೋಯಿತು. ಅವಳು ನಟ್ಟನಡುವೆ ಒಂದು ಕಲ್ಲಿನ ಹಾಗೆ ಕಂಡಳು.

ನಂಜುಂಡಪ್ಪ ಓಡಿ ಬಂದ. "ಏಯ್, ನೀರಿನೋಳೇ! ತಲೆ ನೆಟ್ಟಗದಾ ನಿಂಗ? ಎದ್ದೋಗು ಹಿಂದಕ."

"ಇವತ್ತೊಂದ್ ದಿನ ಇಲ್ಲೇ ನೋಡ್ತೀನಿ ಸಾಮಿ."

"ಇಲ್ಲಿ ನೋಡಕ ನೀನ್ಯಾವ ಊರ್ ಪಟೇಲ? ಪುಟ್ಟಮಾದ, ಬಾರ್ಲಾ ಇಲ್ಲಿ, ಹೇಳ್ಲಾ ಇವಳ್ಗ!"

ಪುಟ್ಟಮಾದಯ್ಯ ತುತ್ತೂರಿ ಹಿಡಿದು ಬಂದು ಬಗ್ಗಿದ. ಬೆಳಗಿನ ನಗು ಮುಖದಲ್ಲಿರಲಿಲ್ಲ. "ಮೂಗವ್ವ, ನಾನೇ ಹೇಳ್ದೆನಲ್ಲ ಬಲಗೈ ಅಂತ. ನನ್ ಮಾತು ನಂಬು. ಓಗವ್ವ."

"ನೀನು ಹೇಳ್ದೆ. ನಾನು ನೋಡ್ಲಿಲ್ಲ."

ಪರದೆಯ ಅಂಚನ್ನು ಸರಿಸಿ ಒಂದು ತಲೆ ಇಣುಕಿತು. ದಿನವೂ ಅವಳ ಮಗ್ಗುಲಲ್ಲಿ ಕೂರುತ್ತಿದ್ದ ಕೇರಿಯ ಚಿಕ್ಕನಿಂಗಮ್ಮ. "ಅಕ್ಕಾ, ನಿನ್ ದಮ್ಮಯ್ಯ, ಬಾ ಇತ್ಲಾಗ. ನೀನೊಬ್ಳು ಕೂತ್ಕಂಡಿಯೆ, ನಾಳೆ ಒದೆ ತಿನ್ನೋರು ನಾವು." ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಮೂಗಮ್ಮ ಅವಳ ಕಡೆ ಒಮ್ಮೆ ನೋಡಿ, ಕೂತಲ್ಲೇ ಸೆರಗು ಬಿಗಿಯಾಗಿ ಹೊದ್ದುಕೊಂಡಳು. ಪರದೆಯ ಅಂಚು ಮತ್ತೆ ಮುಚ್ಚಿಕೊಂಡಿತು. ಇಡೀ ಡೇರೆಯಲ್ಲಿ ಅವಳಿಗೀಗ ಈ ಕಡೆಯವರೂ ಇರಲಿಲ್ಲ, ಆ ಕಡೆಯವರೂ ಇರಲಿಲ್ಲ.

"ಯಾರ್ಲಾ ಅದು? ಆಟ ಯಾಕ ಶುರು ಮಾಡಿಲ್ಲ?"

ಸಿದ್ದಮಲ್ಲಪ್ಪ ಹಾರ ಸರಿಪಡಿಸಿಕೊಂಡು ಕುರ್ಚಿಯಿಂದ ಎದ್ದು ಬಂದ. ಜನ ದಾರಿ ಬಿಟ್ಟರು. ಗ್ಯಾಸ್ ಲೈಟು ಆಗಲೇ ತಗ್ಗಿಸಿದ್ದರಿಂದ ಕೈಲಿದ್ದ ಬ್ಯಾಟರಿಯ ಬೆಳಕನ್ನು ಅವಳ ಮುಖಕ್ಕೆ ಬಿಟ್ಟ. ಅವಳು ಕಣ್ಣು ಮುಚ್ಚಲಿಲ್ಲ.

"ನಿನ್ನ ಎಲ್ಲೋ ನೋಡ್ದಂಗದಲ್ಲ."

"ನೋಡಿದ್ದೀರಿ ಬುದ್ಧಿ. ಹಗೇವು ತಾವ. ದೀಪದ ಹಗ್ಗ ನನ್ ಕೈಲಿತ್ತು."

ನಂಜುಂಡಪ್ಪನಿಗೆ ಅರ್ಥವಾಗಲಿಲ್ಲ. ಪುಟ್ಟಮಾದಯ್ಯ ತುತ್ತೂರಿಯನ್ನು ಮೆಲ್ಲಗೆ ಎದೆಗೆ ಒತ್ತಿಕೊಂಡ. ಅವನಿಗೆ ಏನೋ ಅರ್ಥವಾಗತೊಡಗಿತ್ತು. ಯಾವುದನ್ನು ತಾನು ಬೆಳಿಗ್ಗೆ ಕೇಳದೆ ಹೋದೆನೆಂಬುದೂ.

ಸಿದ್ದಮಲ್ಲಪ್ಪ ಬ್ಯಾಟರಿ ಆರಿಸಿದ. ಅವನ ಮುಖ ಈಗ ಯಾರಿಗೂ ಕಾಣುತ್ತಿರಲಿಲ್ಲ. ಮಾತು ಮಾತ್ರ, ಮೊದಲಿಗಿಂತ ತಗ್ಗಿದ ದನಿಯಲ್ಲಿ, ಮೇಲಿನಿಂದ ಬಿತ್ತು.

"ಏಳು."

ಮೂಗಮ್ಮ ಬಲಗೈಯನ್ನು ತಣ್ಣಗಿನ ನೆಲಕ್ಕೆ ಊರಿದಳು.

"ಏಳು ಅಂದ್ರ ಏಳ್ಬೇಕು."

"ಅವತ್ತು ಇಳಿ ಅಂದ್ರಿ, ನನ್ ಗಂಡ ಇಳ್ದ" ಎಂದಳು ಮೂಗಮ್ಮ, ಪರದೆಯಿಂದ ಕಣ್ಣು ಕೀಳದೆ. "ನಾನು ಏಳಾಕಿಲ್ಲ."