ಬಾವಿಯ ಸಿನಿಮಾ, ಕತ್ತೆಯ ಸಿನಿಮಾ

ಜೇವರ್ಗಿಯ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಭಾಗ್ಯಜ್ಯೋತಿಗೆ ಹೆಣ್ಣು ನೋಡುವ ಶಾಸ್ತ್ರ ಸಾಕಾಗಿ ಹೋಗಿತ್ತು. ಉಪ್ಪಿಟ್ಟು ತಿಂದು, 'ತಿಳಿಸ್ತೇವ್ರಿ' ಎಂದು ಎದ್ದು ಹೋದವರಲ್ಲಿ ಯಾರೂ ಏನನ್ನೂ ತಿಳಿಸಿರಲಿಲ್ಲ. ಆಳಂದದಲ್ಲಿದ್ದ ಸೋದರತ್ತೆ ಮಲ್ಕಮ್ಮ ಇನ್ನೊಂದು ಗಂಡಿನ ಬಯೋಡಾಟಾ ಕಳಿಸಿದಾಗಲೂ ಅವಳು ಬೇಸರದಿಂದಲೇ ತೆರೆದಳು. ಹುಡುಗ ಸಿದ್ದಲಿಂಗ, ಅಫಜಲಪುರದಲ್ಲಿ ಕೃಷಿ ಅಧಿಕಾರಿ. ಹವ್ಯಾಸ ಎಂಬಲ್ಲಿ 'ಕಲಾತ್ಮಕ ಚಿತ್ರಗಳ ವೀಕ್ಷಣೆ' ಎಂದಿತ್ತು. ಹಿಂದಿನವರೆಲ್ಲ ಕ್ರಿಕೆಟ್ ಎಂದು ಬರೆದಿದ್ದರು. ತನಗೂ ಅಂಥ ಚಿತ್ರಗಳೆಂದರೆ ಪ್ರಾಣ ಎಂದು ಅವಳು ತನ್ನ ಬಯೋಡಾಟಾದಲ್ಲಿ ಬರೆದು ಕಳಿಸಿದಳು. ಅವಳು ನೋಡಿದ್ದು ಒಂದೇ ಒಂದು, ಚಿಕ್ಕವಳಿದ್ದಾಗ ಟಿವಿಯಲ್ಲಿ, ಅದೂ ಕರೆಂಟು ಹೋಗುವ ತನಕ.

ಆಗಲೇ ಆಳಂದದ ಚಿತ್ರಸಂಘದವರು ಒಂದು ಭಾನುವಾರ ಕಲ್ಯಾಣಮಂಟಪ ಹಿಡಿದು ಚಿತ್ರೋತ್ಸವ ಇಟ್ಟುಕೊಂಡರು. "ಅಲ್ಲೇ ಇಬ್ರೂ ಭೇಟಿ ಆಗ್ರಿ. ನನಗೂ ಉಪ್ಪಿಟ್ಟು ಮಾಡೋದು ತಪ್ತದ" ಎಂದಳು ಮಲ್ಕಮ್ಮ.

ಯಾವ ಸಿನಿಮಾ ನೋಡಬೇಕು ಎಂಬ ಚರ್ಚೆ ಇಬ್ಬರ ನಡುವೆ ವಾಟ್ಸಾಪಿನಲ್ಲಿ ಆ ವಾರವೆಲ್ಲ ನಡೆಯಿತು. ಮಧ್ಯಾಹ್ನ ಮೇಲಿನ ಸಭಾಂಗಣದಲ್ಲಿ ಒಬ್ಬ ಮುದುಕ ಬಾವಿ ಹುಡುಕಿಕೊಂಡು ಹೋಗುವ ಚಿತ್ರ, ಮೂರು ತಾಸಿಗೆ ತುಸು ಕಡಿಮೆ. ಅದೇ ಹೊತ್ತಿಗೆ ಕೆಳಗೆ ಊಟದ ಹಾಲ್‌ನಲ್ಲಿ ಯಾವುದೋ ಗುಡ್ಡಗಾಡು ದೇಶದ ಚಿತ್ರ. ಅದರಲ್ಲಿ ಜಮೀನ್ದಾರನೊಬ್ಬ ಆಸ್ತಿಯನ್ನೆಲ್ಲ ಕತ್ತೆಯ ಹೆಸರಿಗೆ ಬರೆದು ಸಾಯುತ್ತಾನೆ. ಕತ್ತೆಯ ಟ್ರೇಲರ್ ನೋಡಿ ಭಾಗ್ಯಜ್ಯೋತಿ ದಿಂಬಿಗೆ ಮುಖ ಒತ್ತಿ ನಕ್ಕಿದ್ದಳು. ಆದರೂ ಬರೆದದ್ದು ಬೇರೆ.

"ಕತ್ತಿ ಸಿನಿಮಾ ಸ್ವಲ್ಪ ಹಗುರ ಅನಸ್ತದ. ನೀವೇನಂತೀರಿ?"

ಹಗುರ ಇದ್ದರೇನಾಯಿತು ಎಂದಾನೆಂದು ಕಾದಳು. ಆ ಕಡೆಯಿಂದ ಟೈಪಿಂಗ್ ಎಂದು ಬಂತು, ನಿಂತಿತು, ಮತ್ತೆ ಬಂತು.

"ಖರೇ ಅದ್ರಿ. ಬಾವೀದೇ ನೋಡೋಣ. ಅದರಾಗ ಮೌನ ಅದ."

ಭಾನುವಾರ ಬಂತು. ಹಿಂದಿನ ದಿನದ ಮದುವೆಯ ಥರ್ಮಾಕೋಲ್ ಕಮಾನು ವೇದಿಕೆಯ ಮೇಲೆ ಇನ್ನೂ ಹಾಗೇ ಇತ್ತು. ಅದರ ಕೆಳಗೆ ಕಟ್ಟಿದ ಪರದೆಯಲ್ಲಿ ಮುದುಕ ನಡೆಯತೊಡಗಿದ. ಬಹಳ ಹೊತ್ತು ನಡೆದ. ಅವಳ ಪಕ್ಕ ಕೂತಿದ್ದ ಸಿದ್ದಲಿಂಗ ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದ. ಅವಳೂ ಗಲ್ಲಕ್ಕೆ ಕೈಯಿಟ್ಟಳು. ಕೆಳಗಿನಿಂದ ಮಂದಿ ಬಿದ್ದು ಬಿದ್ದು ನಗುವ ಸದ್ದು ಬರುತ್ತಿತ್ತು. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಬ್ಯಾಗು ಇಟ್ಟು, "ನೀರು ಕುಡದು ಬರ್ತೇನ್ರಿ" ಎಂದಳು.

"ಅವಸರಿಲ್ಲ, ನಿಧಾನ ಬರ್ರಿ" ಎಂದ ಅವನು, ಬೇಕಾದ್ದಕ್ಕಿಂತ ಹೆಚ್ಚು ಉತ್ಸಾಹದಿಂದ.

ಊಟದ ಹಾಲ್‌ನ ಕತ್ತಲಲ್ಲಿ ಕೈ ತೊಳೆಯುವ ನಲ್ಲಿಗಳ ಪಕ್ಕ ಅವಳಿಗೊಂದು ಕುರ್ಚಿ ಸಿಕ್ಕಿತು. ತೆರೆಯ ಮೇಲೆ ಕತ್ತೆಯನ್ನು ಕೋರ್ಟಿಗೆ ಕರೆತಂದಿದ್ದರು. ಸ್ವಲ್ಪ ಹೊತ್ತಿಗೆ ಯಾರೋ ಬಂದು ಪಕ್ಕದಲ್ಲಿ ಕೂತರು, ಕೂರುವ ಮೊದಲೇ ನಗುತ್ತ. ಭಾಗ್ಯಜ್ಯೋತಿ ತಿರುಗಿ ನೋಡಿದಳು. ಸಿದ್ದಲಿಂಗ. ಅವನ ನಗು ಅರ್ಧಕ್ಕೇ ನಿಂತಿತು.

"ನೀರು ಇಲ್ಲೇ ಕೊಡ್ತಾರೇನ್ರಿ?" ಎಂದ.

"ನಿಮಗೂ ಬಾಯಾರಿಕಿ ಆತೇನ್ರಿ?"

ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವನು ತೊಡೆ ತಟ್ಟಿಕೊಂಡು, ಕಣ್ಣು ಒರೆಸಿಕೊಂಡು ನಗುವವನು. ಚಿತ್ರ ಮುಗಿಯುವ ಹೊತ್ತಿಗೆ ಅವಳ ಮನಸ್ಸಿನಲ್ಲಿ ಮುಕ್ಕಾಲು ಪಾಲು ಒಪ್ಪಿಗೆ ಆಗಿಹೋಗಿತ್ತು.

ಬ್ಯಾಗು ತರಲು ಮೇಲೆ ಹೋದರು. ಮುದುಕ ಬಾವಿಯ ಹತ್ತಿರ ನಿಂತಿದ್ದ. ಅಷ್ಟರಲ್ಲಿ ದೀಪಗಳು ಹತ್ತಿದವು. ಉಳಿದಿದ್ದವರು ಏಳೆಂಟು ಮಂದಿ. ಬೆಂಗಳೂರಿನಿಂದ ಬಂದಿದ್ದ ಈ ಚಿತ್ರದ ನಿರ್ದೇಶಕರನ್ನು ಸಂವಾದಕ್ಕೆಂದು ವೇದಿಕೆಯಲ್ಲಿ ಮದುಮಗನ ಕುರ್ಚಿಯ ಮೇಲೆಯೇ ಕೂರಿಸಿದ್ದರು. ಸಂಘದ ಕಾರ್ಯದರ್ಶಿ, ಡ್ರಾಯಿಂಗ್ ಮಾಸ್ತರ ನದೀಮ, ನಿಂತೇ ಇದ್ದ ಇವರಿಬ್ಬರನ್ನು ಕಂಡು ಬಂದವನು ಸಿದ್ದಲಿಂಗನ ಕೈಗೆ ಮೈಕ್ ಕೊಟ್ಟ. "ನೀವು ಎದ್ದು ನಿಂತೀರಿ ಅಂದ್ರ ಏನೋ ಹೇಳೋದದ. ಹೇಳ್ರಿ."

ಸಿದ್ದಲಿಂಗ ಗಂಟಲು ಸರಿಮಾಡಿಕೊಂಡ.

"ಸರ್, ಈ ಚಿತ್ರದಾಗ ಬಾವಿ ಅಂದ್ರ ಬರೇ ಬಾವಿ ಅಲ್ರಿ. ಅದು ನಮ್ಮೊಳಗಿನ ಆಳ. ಕೊನೀ ದೃಶ್ಯದಾಗ ನಾನು ಉಸರ ಬಿಡೋದು ಮರತಿದ್ದೆ."

ಹೀಗೆ ಶುರುವಾದದ್ದು ಮೌನ, ದಾರಿ, ಮುಪ್ಪು ಎಂದು ಮುಂದುವರಿಯಿತು. ನಿರ್ದೇಶಕರ ಕಣ್ಣು ತೇವವಾದವು. ಚಪ್ಪಾಳೆ ಬಿತ್ತು. ಭಾಗ್ಯಜ್ಯೋತಿ ಅವನ ಮುಖವನ್ನೇ ನೋಡುತ್ತಿದ್ದಳು. ಎಲ್ಲೂ ಒಂದು ಗೆರೆ ಅಲುಗಿರಲಿಲ್ಲ. ಇವನು ನಾಳೆ ಸಾರು ಚೆನ್ನಾಗಿದೆ ಎಂದರೆ ನಾನು ಏನು ತಿಳಿಯಬೇಕು ಎಂದುಕೊಂಡಳು. ಮೈಕ್ ಅವಳ ಕೈಗೆ ಬಂತು.

"ನಾ ನೋಡಿಲ್ರಿ ಸರ್. ಕೆಳಗ ಕತ್ತಿ ಸಿನಿಮಾ ನೋಡಾಕತ್ತಿದ್ದೆ."

ನಿರ್ದೇಶಕರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಹೇಗಿತ್ತಮ್ಮಾ?"

"ಛಲೋ ಇತ್ರಿ."

"ನಾನೂ ಅದನ್ನೇ ನೋಡಬೇಕಂತಿದ್ದೆ. ಈ ಸಂಘದವರು ಬಿಡಲಿಲ್ಲ" ಎಂದರು ಅವರು, ಸ್ವಲ್ಪ ದುಃಖದಿಂದ.

ಹೊರಗೆ ಚಹಾದ ಬಂಡಿಯ ಹತ್ತಿರ ಸಿದ್ದಲಿಂಗ ಬೆವರು ಒರೆಸಿಕೊಂಡ.

"ನನ್ನ ಹೆಸರೂ ಹೇಳ್ತೀರಿ ಅಂತ ಎದಿ ಧಸಕ್ ಅಂತ್ರಿ."

"ಬಾಯಿತನಕ ಬಂದಿತ್ರಿ."

"ಅಷ್ಟು ದೂರದಿಂದ ಬಂದಾರ. ನೋಡಿದ್ರ ಏಳೆಂಟು ಮಂದಿ. ಏನರೇ ಛಲೋ ಮಾತು ಹೇಳಬೇಕನಿಸ್ತು."

ಇದು ಕರುಣೆಯೋ ರೂಢಿಯೋ ಅವಳಿಗೆ ಗೊತ್ತಾಗಲಿಲ್ಲ. "ಮತ್ತ ಬಯೋಡಾಟಾದಾಗ ಬರದದ್ದು?" ಎಂದು ಕೇಳಿದಳು.

"ಅದು ನನ್ನ ತಂಗಿ ಬರದದ್ರಿ. ನಿಮ್ದು?"

"ನಂದು ನಾನೇ ಬರದೇನಿ" ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಚಹಾ ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ. ಅವನು ಬಯಸಿದ್ದ ಮೌನ ಆಗ ಸಿಕ್ಕಿತು.

ಅತ್ತೆಯ ಮನೆಗೆ ಬಂದಾಗ ಮಲ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. "ಹೆಂಗನಿಸ್ತು ಬೇ?"

"ಇನ್ನೊಂದ್ಸಲ ನೋಡಬೇಕು, ಅತ್ತಿ."

"ಸಿನಿಮಾನೋ, ಹುಡುಗನ್ನೋ?"

"ಹುಡುಗನ್ನ. ಬಾಳ ಛಂದ ಮಾತಾಡ್ತಾನ, ಅದಕ್ಕೇ ಅಂಜಿಕಿ ಬರ್ತದ."

ಮಲ್ಕಮ್ಮ ಕೇಳಿಸಿಕೊಂಡದ್ದು 'ಛಂದ' ಎಂಬಲ್ಲಿಯ ತನಕ ಮಾತ್ರ. ಅವಳು ಆಗಲೇ ಒಳಗೆ ಹೋಗಿ ಅಫಜಲಪುರಕ್ಕೆ ಫೋನ್ ಹಚ್ಚುತ್ತಿದ್ದಳು.